ಇಬ್ಬರು ತುಂಬಬೇಕಾದ ನೀರು

೧.
ಎಲ್ಲಿಂದ ಶುರು ಮಾಡಲಿ? ನೀರಿನಿಂದಲೇ ಅಂದರೆ ಹೇಮಾವತಿ ಹೊಳೆಯನ್ನೇ ಕರೆತರಬೇಕು. ಅವಳು ಬಂದರೆ ಕಥೆ ನೂರು ಪುಟ ದಾಟುತ್ತದೆ. ನಮಗೆ ಬೇಕಿರುವುದು ಬರೀ ಒಂದು ಲೀಟರು.

೨.
ಹೊಳೆನರಸೀಪುರ, ೨೦೦೪. ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುವ ಪ್ರದ್ಯುಮ್ನ ಊಟದ ಮೇಜಿನ ಮೇಲೆ, ಮನೆಯ ಕಂಪ್ಯೂಟರನ್ನು ನೀರಿನಿಂದ ತಣಿಸುವ ನಕ್ಷೆ ಬರೆಯುತ್ತಿದ್ದಾನೆ. ಪಂಪಿನಿಂದ ಪ್ರೊಸೆಸರು, ಅಲ್ಲಿಂದ ರೇಡಿಯೇಟರು, ಮುಚ್ಚಿದ ಪುಟ್ಟ ತೊಟ್ಟಿ, ಮತ್ತೆ ಪಂಪು. ಬಿಸಿಯನ್ನು ನೀರೇ ಹೊತ್ತೊಯ್ದರೆ ಫ್ಯಾನುಗಳ ಗಲಾಟೆ ಇರುವುದಿಲ್ಲ. "ಹಿಟ್ಟಿನ ಗಿರಣಿ ಪಕ್ಕ ಮಲಗಿದ ಹಾಗಿದೆ, ನಂಗೆ ಇಲ್ಲಿ ನಿದ್ದೆ ಬರಲ್ಲ" ಎಂದು ಹೇಳಿಯೇ ಹೆಂಡತಿ ಹಂಸ ಚನ್ನರಾಯಪಟ್ಟಣದ ತವರಿಗೆ ಹೋಗಿದ್ದಳು. ಗಲಾಟೆ ನಿಂತರೆ ಬಂದಾಳು ಎಂಬುದು ಅವನ ಆಸೆ.

(ಅವಳು ಹೋದದ್ದು ಫ್ಯಾನಿಗಾಗಿ ಅಲ್ಲ. ವರ್ಷಗಟ್ಟಲೆ ಕಂಪ್ಯೂಟರಿನ ಮುಂದೆ ಕೂತ ಅವನ ಬೆನ್ನನ್ನೇ ನೋಡಿ ಸಾಕಾಗಿತ್ತು. ನನಗೆ ಗೊತ್ತು, ಅವನಿಗೂ ಗೊತ್ತು. ನೀವು ಸುಮ್ಮನಿರಿ.)

೩.
ಡ್ರಿಪ್ ಪೈಪು ಮಾರುವ ನಂಜಪ್ಪ ನಕ್ಷೆ ನೋಡಿದ. "ನೀರು ತುಂಬೋದೆಂಗೆ ಸಾ? ಒಳಗಿನ ಗಾಳಿ ಓಗ್ಬೇಕಲ್ಲ?"

"ಒಬ್ರು ಕಂಪ್ಯೂಟರ್ ಪೆಟ್ಟಿಗೆ ವಾಲಿಸಿ ಹಿಡ್ಕೋಬೇಕು, ಇನ್ನೊಬ್ರು ಸುರೀಬೇಕು."

"ಮ್ಯಾಲೆ ಮೂರು ಬಾಯಿದು ಒಂದು ಟೀ ಜಾಯಿಂಟ್ ಆಕ್ಬುಡಿ, ಗಾಳಿ ಅಲ್ಲೇ ಓಯ್ತದೆ. ಒಬ್ರೇ ತುಂಬ್ಬೋದು."

"ಬೇಡ ನಂಜಪ್ಪನೋರೇ. ಮನೇಲಿ ಇಬ್ರು ಇದ್ದೀವಿ."

ಊರು ಚಿಕ್ಕದು. ನಂಜಪ್ಪ ಟೀ ಜಾಯಿಂಟೊಂದನ್ನು ಚೀಲಕ್ಕೆ ಹಾಕಿದ. "ಇರ್ಲಿ, ಮಡಿಕ್ಕಳಿ ಸಾ."

೪. (ಹೊಡೆದುಹಾಕಿದ್ದು)
ಹಂಸ ಬಸ್ಸಿಳಿದು, ನಗುತ್ತಾ ಬಾಗಿಲು ತಟ್ಟಿ...

"ಸಾರ್, ಅವಳು ಹಾಗೆಲ್ಲ ಬರೋಳಲ್ಲ. ನನ್ನ ಸಮಾಧಾನಕ್ಕೆ ಬರೀಬೇಡಿ" ಎಂದು ಪ್ರದ್ಯುಮ್ನ ಕಾಗದದಿಂದ ತಲೆಯೆತ್ತಿ ನನ್ನನ್ನೇ ತಡೆದ.

"ಹಾಗಿದ್ದರೆ ಆ ಜಾಯಿಂಟು ಹಾಕು ಮಾರಾಯ" ಎಂದೆ.

"ಹಾಕಿದ್ರೆ ಅವಳು ಬರಲ್ಲ ಅಂತ ನಾನೇ ಒಪ್ಕೊಂಡ ಹಾಗೆ."

ಪಾತ್ರಗಳಿಗೆ ಸಲುಗೆ ಕೊಟ್ಟರೆ ಹೀಗೇ, ತಲೆ ಮೇಲೆ ಕೂರುತ್ತವೆ. ಆದರೂ ನನಗೆ ಸಂಕಟವಾಯಿತು. ನಾನೇ ಹೋಗಿ ಪೆಟ್ಟಿಗೆ ಹಿಡಿಯೋಣವೆಂದರೆ ಬರೆಯುವವನ ಕೈ ಕಾಗದದಾಚೆ ಚಾಚುವುದಿಲ್ಲ.

೫.
ಮುಕ್ತಾಯ ಒಂದು: ಜಾಯಿಂಟು ಹಾಕಿ ಒಬ್ಬನೇ ತುಂಬುತ್ತಾನೆ. ಗಲಾಟೆ ನಿಲ್ಲುತ್ತದೆ. ಮನೆಯಲ್ಲಿದ್ದ ಒಂದೇ ಸದ್ದೂ ಹೋಗುತ್ತದೆ.

ಮುಕ್ತಾಯ ಎರಡು: ಅವನು ಕಾಯುತ್ತಲೇ ಇರುತ್ತಾನೆ, ಪೆಟ್ಟಿಗೆಗೆ ನೀರೇ ಬೀಳುವುದಿಲ್ಲ.

ಎರಡಕ್ಕೂ ಒಲ್ಲೆ ಎಂದವನು, ನನ್ನನ್ನು ಕೇಳದೆಯೇ ಚನ್ನರಾಯಪಟ್ಟಣಕ್ಕೆ ಫೋನು ಮಾಡಿಬಿಟ್ಟ.

"ಹಂಸ, ಒಂದು ಪೆಟ್ಟಿಗೆ ಹಿಡ್ಕೋಬೇಕಿತ್ತು. ಒಬ್ಬನ ಕೈಲಿ ಆಗ್ತಿಲ್ಲ."

ಆ ಕಡೆ ಹಂಸ ಪಾತ್ರೆಯೊಂದನ್ನು ಕೆಳಗಿಟ್ಟ ಸದ್ದು. ಆಮೇಲೆ, "ಎಷ್ಟು ಹೊತ್ತು ಹಿಡ್ಕೋಬೇಕು?"

ಪ್ರದ್ಯುಮ್ನ ನನ್ನ ಮುಖ ನೋಡಿದ. ನಾನು ಪೆನ್ನಿನ ಮುಚ್ಚಳ ಹಾಕಿದೆ. ಇದಕ್ಕೆ ಉತ್ತರ ಅವನೇ ಹೇಳಲಿ. ಟೀ ಜಾಯಿಂಟು ಇನ್ನೂ ಮೇಜಿನ ಮೇಲಿದೆ.