ಮೂವತ್ತೆಂಟು ಸೆಕೆಂಡು

ಲಿಫ್ಟಿನ ಬಾಗಿಲು ಮುಚ್ಚಿತು, ಮುಚ್ಚಿದ್ದೇ ತೆರೆಯಿತು. ಆಚೆ ಏಳನೇ ಮಹಡಿ, ಮೇಜು, ಕುರ್ಚಿ, ಕಿಟಕಿಯ ಬಿಸಿಲು ಎಲ್ಲವೂ ಸಿದ್ಧವಾಗಿ ನಿಂತಿದ್ದವು. ಪರದೆಯ ಮುಂದಿದ್ದ ಎಂಟು ಜನ ಚಪ್ಪಾಳೆ ತಟ್ಟಿದರು. ಪ್ರೋಗ್ರಾಮರ್ ಮಾತ್ರ ಕಂಟ್ರೋಲರನ್ನು ಮೇಜಿನ ಮೇಲಿಟ್ಟು ಕನ್ನಡಕ ಒರೆಸಿಕೊಂಡ.

ಎಂಟು ವರ್ಷದ ಹಿಂದೆ ಆಟದೊಳಗೆ ಈ ಲಿಫ್ಟನ್ನು ಕಟ್ಟಿದವನೂ ಅವನೇ. ಹಳೆಯ ಗೇಮ್ ಯಂತ್ರ ಡಿಸ್ಕಿನಿಂದ ಒಂದು ಮಹಡಿಯನ್ನು ಓದಿಕೊಳ್ಳಲು ಮೂವತ್ತೆಂಟು ಸೆಕೆಂಡು ತಿನ್ನುತ್ತಿತ್ತು. ಅಷ್ಟು ಹೊತ್ತು ಕಪ್ಪು ಪರದೆ ತೋರಿಸಿದರೆ ಆಡುವವರು ಬೈಯುತ್ತಾರೆಂದು, ನಾಯಕನನ್ನು ಲಿಫ್ಟಿನೊಳಗೆ ಕೂಡಿಹಾಕಿ, ಜೊತೆಗೆ ಲಿಫ್ಟ್ ನಡೆಸುವ ಹೆಂಗಸೊಬ್ಬಳನ್ನು ನಿಲ್ಲಿಸಿದ್ದ. ಆಕೆ ಮಾತಾಡುತ್ತಿದ್ದಳು: ಊಟ ಆಯ್ತಾ, ಮುಖ ಯಾಕೆ ಬಾಡಿದೆ, ಏಳನೇ ಮಹಡಿಯವರು ಒಳ್ಳೆಯವರಲ್ಲ, ಹುಷಾರು. ಕಲಾವಿದರನ್ನು ಕರೆಸುವ ಅನುಕೂಲವಿಲ್ಲದೆ ಆ ಧ್ವನಿಗೆ ಸ್ವಂತ ಅಕ್ಕನನ್ನೇ ಕೂರಿಸಿದ್ದ. ಬರೆದುಕೊಟ್ಟದ್ದನ್ನು ಬಿಟ್ಟು ಅವಳು ಬಾಯಿಗೆ ಬಂದದ್ದನ್ನೆಲ್ಲ ಹೇಳಿದ್ದಳು. ಆಡಿದವರಿಗೆ ಇಷ್ಟವಾದದ್ದೂ ಅದೇ.

ಆಮೇಲೆ ಅಕ್ಕನ ಗಂಟಲಲ್ಲಿ ಗಂಟು ಬಂತು. ಆಪರೇಷನ್ನಿನಿಂದ ಜೀವ ಉಳಿಯಿತು, ಧ್ವನಿ ಹೋಯಿತು. ಆಗ ಮಗಳು ಪುಟ್ಟಿಗೆ ಆರು ತಿಂಗಳು. ಈಗ ಐದು ವರ್ಷದ ಪುಟ್ಟಿ ಶಾಲೆಯಿಂದ ಬಂದವಳೇ ಶೂ ಕೂಡ ಬಿಚ್ಚದೆ ದಿನವೂ "ಅಮ್ಮನ ಲಿಫ್ಟ್" ಹತ್ತುತ್ತಾಳೆ. ಇದು ಪ್ರೋಗ್ರಾಮರ್‌ಗೆ ಗೊತ್ತಿತ್ತು. ಗೊತ್ತಿದ್ದೂ ಲಿಫ್ಟನ್ನು ಹೀಗೆ ಚುರುಕು ಮಾಡಿದ.

ಹೊಸ ಯಂತ್ರಕ್ಕೆ ಅದೇ ಆಟವನ್ನು ಒಗ್ಗಿಸುವ ಕೆಲಸ ಬಂದಾಗ ಅವನೇನೂ ಬಾಯಿಗೆ ಬೀಗ ಹಾಕಿಕೊಂಡಿರಲಿಲ್ಲ. ಮಹಡಿ ಕ್ಷಣದಲ್ಲಿ ಬಂದರೂ ಲಿಫ್ಟ್ ತನ್ನ ಪಾಡಿಗೆ ಹೋಗಲಿ, ಮಾತು ಮುಗಿಯಲಿ ಎಂದು ಎರಡು ಸಲ ಕೇಳಿದ್ದ.

"ಜನ ಹೊಸ ಮಷಿನ್ ತಗೊಳ್ಳೋದೇ ಕಾಯಬಾರದು ಅಂತ," ಎಂದಿದ್ದಳು ತಂಡದ ಮುಖ್ಯಸ್ಥೆ. "ನಾವು ಕಾಯಿಸಿದ್ರೆ, ಇವರ ಕೈಲಿ ಆಗ್ಲಿಲ್ಲ ಅಂತಾರೆ."

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಅವನ ಹೊಟ್ಟೆ ಉರಿಸಿದ್ದು ಅದೇ. ಆ ಧ್ವನಿ ಯಾರದು, ಅದನ್ನು ದಿನಾ ಯಾರು ಕೇಳುತ್ತಾರೆ ಎಂಬುದನ್ನು ಮಾತ್ರ ಅವನು ಹೇಳಲಿಲ್ಲ. ಕೆಲಸಕ್ಕೆ ಮನೆಯ ಕಥೆ ತಂದ ಎನ್ನಿಸಿಕೊಳ್ಳಲು ನಾಚಿಕೆ. ಹೇಗೂ ಅಕ್ಕನ ಮನೆಯಲ್ಲಿ ಹಳೆಯ ಯಂತ್ರ ಇದ್ದೇ ಇದೆಯಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಮಾತುಗಳನ್ನು ಕಿತ್ತುಹಾಕಿದ.

ಆಟ ಬಿಡುಗಡೆಯಾದ ಮೇಲಿನ ಭಾನುವಾರ ಅಕ್ಕನ ಮನೆಗೆ ಹೋದರೆ, ಟಿವಿಯ ಕೆಳಗೆ ಹೊಸ ಯಂತ್ರ ಮಿರಮಿರ ಮಿಂಚುತ್ತಿತ್ತು.

"ಬೆಳಿಗ್ಗೆ ತಗೊಂಡು ಬಂದೆ. ನಿನ್ನ ಎದುರಿಗೇ ಹಾಕೋಣ ಅಂತ ಕಾಯ್ತಿದ್ವಿ," ಎಂದರು ಭಾವ. "ಹಳೇದನ್ನ ಅಂಗಡಿಯವನೇ ಎಕ್ಸ್‌ಚೇಂಜಿಗೆ ತಗೊಂಡ."

ಅಷ್ಟರಲ್ಲಿ ಪುಟ್ಟಿ ಆಟ ಹಾಕಿ ಲಿಫ್ಟಿನ ಗುಂಡಿ ಒತ್ತಿದ್ದಳು. ಬಾಗಿಲು ಮುಚ್ಚಿತು, ತೆರೆಯಿತು. ಇನ್ನೊಮ್ಮೆ ಒತ್ತಿದಳು.

"ಮಾಮ, ಲಿಫ್ಟ್ ಕೆಟ್ಟೋಗಿದೆ."

ಅಡುಗೆಮನೆಯ ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತಿದ್ದ ಅಕ್ಕ ತಮ್ಮನ ಮುಖ ನೋಡಿದಳು. ಅವಳಿಗೆ ಅರ್ಥವಾಯಿತು. ಧ್ವನಿ ಆಫೀಸಿನಲ್ಲಿದೆ, ನಾಳೆಯೇ ತಂದು ಫೋನಿಗೆ ಹಾಕಿಕೊಡುತ್ತೇನೆ ಎಂದು ಅವನು ತಡವರಿಸಿದ. ಅಕ್ಕ ಸದಾ ಕೈಲಿಟ್ಟುಕೊಳ್ಳುವ ಪುಸ್ತಕ ತೆಗೆದು, ಬರೆದು, ಅವನಿಗಷ್ಟೇ ಕಾಣುವಂತೆ ಹಿಡಿದಳು: "ನಾನು ಅಲ್ಲಿ ಮಾತಾಡ್ತೀನಿ ಅಂದ್ಕೊಂಡಿದ್ಲು. ಫೋನಲ್ಲಿ ಹಾಕಿದ್ರೆ ಅದು ಬರೀ ರೆಕಾರ್ಡು."

"ಹೌದು ಕಂದ, ಕೆಟ್ಟಿದೆ. ರಿಪೇರಿ ಮಾಡ್ತೀನಿ," ಎಂದ ಪ್ರೋಗ್ರಾಮರ್. ಆ ಲಿಫ್ಟಿನಷ್ಟು ಚೆನ್ನಾಗಿ ಓಡುವ ಪ್ರೋಗ್ರಾಮನ್ನು ಅವನು ಜೀವಮಾನದಲ್ಲಿ ಬರೆದಿರಲಿಲ್ಲ.

ಪುಟ್ಟಿ ನಾಯಕನನ್ನು ಹೊರಗೆ ಬಿಡಲಿಲ್ಲ. ಹೆಂಗಸಿನ ಚಿತ್ರವನ್ನು ಯಾರೂ ತೆಗೆದಿರಲಿಲ್ಲ; ಲಿಫ್ಟಿನ ಮೂಲೆಯಲ್ಲಿ ಆಕೆ ಬಾಯಿ ಮುಚ್ಚಿಕೊಂಡು ನಿಂತಿದ್ದಳು. ನಾಯಕನನ್ನು ಆಕೆಯ ಕಡೆ ತಿರುಗಿಸಿ, ಕಂಟ್ರೋಲರನ್ನು ತೊಡೆಯ ಮೇಲಿಟ್ಟುಕೊಂಡು ಪುಟ್ಟಿ ಸ್ವಲ್ಪ ಹೊತ್ತು ಕಾದಳು.

"ಊಟ ಆಯ್ತು," ಎಂದಳು ಪರದೆಗೆ.