ಕ್ಯಾಸೆಟ್ಟಿನ ಚಿತ್ರಗಳು

ಹಾಡು ಚರಣದ ನಡುವೆ ಗಕ್ಕನೆ ನಿಂತಿತು. ಪಕ್ಕದ ಕೋಣೆಯಿಂದ ಅಮ್ಮ ಕೂಗಿದಳು, "ಮತ್ತೆ ಹೋಯ್ತು ನೋಡೆ!"

ಮಗಳು ಕಚೇರಿಯ ಕೆಲಸವನ್ನು ಹಾಗೇ ಬಿಟ್ಟು ಎದ್ದು ಹೋದಳು. ಅಮ್ಮ ಮಂಚದ ಅಂಚಿನಲ್ಲಿ ಎರಡೂ ಕೈ ಊರಿ ಕೂತಿದ್ದಳು. ಕಣ್ಣು ಪೂರ್ತಿ ಹೋದ ಮೇಲೆ ಅಮ್ಮನ ಹಗಲೆಲ್ಲ ಈ ಹಾಡುಗಳಲ್ಲೇ ಕಳೆಯುತ್ತಿತ್ತು; ಅವು ನಿಂತರೆ ತಾನು ಎಲ್ಲಿದ್ದೇನೆ ಎಂಬುದೇ ತಿಳಿಯದವಳಂತೆ ಗಾಬರಿಯಾಗುತ್ತಿದ್ದಳು. ಮೇಜಿನ ಮೇಲೆ ಹಳೆಯ ಕಂಪ್ಯೂಟರ್ ಏದುಸಿರು ಬಿಡುತ್ತಿತ್ತು. ಮ್ಯೂಸಿಕ್ ಪ್ಲೇಯರ್ ಇದ್ದಬದ್ದ ಮೆಮೊರಿಯನ್ನೆಲ್ಲ ನುಂಗಿ ಕೂತಿತ್ತು. ಬೆಳಿಗ್ಗೆ ಶುರು ಮಾಡಿದರೆ ಮಧ್ಯಾಹ್ನದ ಹೊತ್ತಿಗೆ ದಿನವೂ ಇದೇ ಗತಿ.

"ನಿಮ್ಮಣ್ಣಂಗೆ ಒಂದು ಮಾತು ಹೇಳೆ. ಅವನು ಮಾಡಿದ್ದಲ್ವಾ, ಅವನಿಗೆ ಗೊತ್ತಿರತ್ತೆ."

ಅವನು ಮಾಡಿದ್ದು, ಹೌದು. ಅಣ್ಣ ಆ ಪ್ಲೇಯರನ್ನು ಬರೆದು, ಯಾರು ಬೇಕಾದರೂ ಬಳಸಲಿ, ಯಾರು ಬೇಕಾದರೂ ಒಳಗಿನ ಕೋಡ್ ತೆರೆದು ತಿದ್ದಲಿ ಎಂದು ಇಂಟರ್ನೆಟ್ಟಿನಲ್ಲಿ ಬಿಟ್ಟಿದ್ದ. ಎಂಥ ಧಾರಾಳ! ಆದರೆ ಜನ ಕಳಿಸಿದ ತಿದ್ದುಪಡಿಯನ್ನು ಸೇರಿಸುವುದು ಬಿಡುವುದು ಮಾತ್ರ ಅವನ ಕೈಯಲ್ಲಿ. ಸೇರಿಸಿದರೆ ಕಳಿಸಿದವರ ಹೆಸರು ಆ ಸಾಲುಗಳ ಜೊತೆ ಕೊನೆತನಕ ಉಳಿಯುತ್ತದೆ. ಆ ಲೋಕದಲ್ಲಿ ಸಂಬಳಗಿಂಬಳ ಏನೂ ಇಲ್ಲ. ಸಿಗುವುದು ಹೆಸರೊಂದೇ.

ಫೋನಿನಲ್ಲಿ ಹೇಳಿದಾಗಲೆಲ್ಲ ಅಣ್ಣನದು ಒಂದೇ ರಾಗ. "ಪ್ಲೇಯರ್ ಸರಿಯಾಗೇ ಇದೆ. ಆ ಡಬ್ಬಾ ಕಂಪ್ಯೂಟರ್ ಬದಲಾಯಿಸು. ಬೇರೆ ಯಾರೂ ದೂರು ಹೇಳಿಲ್ಲ." ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಜಾತಿ ಅವನು.

"ಒಳಗೆ ಎಲ್ಲೋ ಸೋರ್ತಿದೆ ಅಣ್ಣ. ಬಳಸಿದ ಮೆಮೊರಿ ವಾಪಸ್ ಬರ್ತಿಲ್ಲ."

"ನೀನು ಟೆಸ್ಟರ್ ಕಣೆ. ಬೇರೆಯವರ ತಪ್ಪು ಹುಡುಕೋದೇ ನಿನ್ನ ಕಸುಬು. ಬರೆಯೋರ ಕಷ್ಟ ನಿನಗೇನು ಗೊತ್ತು?"

ಆ ಮಾತು ಚುರ್ ಎಂದಿತು. ಸರಿ, ಹುಡುಕಿಯೇ ತೋರಿಸುತ್ತೇನೆ ಎಂದು ತಂಗಿ ಪಟ್ಟು ಹಿಡಿದಳು. ಒಂದೇ ಒಂದು ಸಲ ಅವನ ಬಾಯಿಂದ "ಇದು ನೀನು ಮಾಡಿದ್ದು" ಅನ್ನಿಸಬೇಕು. ಅಮ್ಮನ ಕಿವಿಗೂ ಅದು ಬೀಳಬೇಕು. ಅಷ್ಟೇ ಅವಳಿಗೆ ಬೇಕಾಗಿದ್ದದ್ದು.

ಒಂದೇ ಹಾಡನ್ನು ದಿನವಿಡೀ ತಿರುಗಿಸಿ ನೋಡಿದಳು, ಮೆಮೊರಿ ಅಲುಗಲಿಲ್ಲ. ಹಾಡು ಬದಲಾದಾಗ ಮಾತ್ರ ಏರುತ್ತಿತ್ತು. ಅದೂ ತನ್ನ ಹಾಡುಗಳಿಗೆ ಹೆಸರಿಗಷ್ಟೇ, ಅಮ್ಮನ ಹಾಡುಗಳಿಗೆ ದಬದಬ. ಅಮ್ಮನ ಹಾಡುಗಳಲ್ಲಿ ಅಂಥದ್ದೇನಿದೆ? ಚಿತ್ರ! ಹಳೆಯ ಕ್ಯಾಸೆಟ್ಟುಗಳನ್ನು ಕಂಪ್ಯೂಟರಿಗೆ ಇಳಿಸುವಾಗ ಅಣ್ಣ ಅವುಗಳ ಹೊದಿಕೆಯ ಚಿತ್ರಗಳನ್ನೂ ಸ್ಕ್ಯಾನ್ ಮಾಡಿ, ಕಲೆ ಗೀರುಗಳನ್ನೆಲ್ಲ ಒರೆಸಿ ಹೊಚ್ಚಹೊಸದು ಮಾಡಿ, ಭಾರೀ ಗಾತ್ರದಲ್ಲಿ ಹಾಡುಗಳಿಗೆ ಅಂಟಿಸಿದ್ದ. ಹಾಡು ಮುಗಿದ ಮೇಲೆ ಆ ಚಿತ್ರವನ್ನು ಮೆಮೊರಿಯಿಂದ ತೆಗೆಯಬೇಕು. ಅವನ ಕೋಡ್ ತೆಗೆಯುತ್ತಿರಲಿಲ್ಲ. ಉಂಡವರ ತಟ್ಟೆ ಎತ್ತದೆ ಮುಂದಿನವರಿಗೆ ಹೊಸ ತಟ್ಟೆ ಇಡುತ್ತಾ ಹೋದ ಹಾಗೆ.

ಚಿತ್ರ ಕಾಣಿಸುವ ಚೌಕವನ್ನು ಮುಚ್ಚಿದರೂ ಹಿಂದೆ ರಾಶಿ ಬೀಳುವುದು ತಪ್ಪಲಿಲ್ಲ. ಹಾಡುಗಳಿಂದ ಚಿತ್ರಗಳನ್ನೇ ಕಿತ್ತುಹಾಕಬಹುದಿತ್ತು. ಆದರೆ ಹಾಡು ಬದಲಾದಾಗಲೆಲ್ಲ "ಈಗ ಯಾವ ಚಿತ್ರ ಬಂತೆ?" ಎಂದು ಅಮ್ಮ ಕೇಳುತ್ತಿದ್ದಳು. ಮಗಳು ಎದ್ದು ಬಂದು ನೋಡಿ ಹೇಳಬೇಕಿತ್ತು.

ಭಾನುವಾರ ಅಣ್ಣ ಬಂದಾಗ ಅವಳು ಎಲ್ಲವನ್ನೂ ತೋರಿಸಿದಳು. ಸೋರುವ ಜಾಗ, ಅದನ್ನು ಮುಚ್ಚುವ ತನ್ನ ನಾಲ್ಕು ಸಾಲು, ಮುಚ್ಚಿದ ಮೇಲೆ ಏರದೆ ಮಟ್ಟಸವಾಗಿ ಮಲಗಿದ ಮೆಮೊರಿಯ ಗೆರೆ. ಅಣ್ಣ ಆ ಸಾಲುಗಳನ್ನು ಮೇಲೆ ಕೆಳಗೆ ಸರಿಸಿ ನೋಡಿದ. ಅವನ ಕಿವಿ ಕೆಂಪಾಯಿತು. ಅದನ್ನು ಕಂಡು ತಂಗಿಗೆ ಒಳಗೊಳಗೇ ಹಬ್ಬ.

"ಗುಡ್ಡ ಅಗೆದು ಇಲಿ ಹಿಡಿದಿದ್ದೀಯ," ಎಂದು ಎದ್ದ. "ಕಳಿಸು, ನೋಡೋಣ."

ಅವತ್ತೇ ಕಳಿಸಿದಳು. ಅಣ್ಣ ಒಪ್ಪಿ ಸೇರಿಸಿದ ಮೇಲೇ ಹಾಕೋಣ ಎಂದು ಅಮ್ಮನ ಕಂಪ್ಯೂಟರನ್ನು ಮುಟ್ಟಲಿಲ್ಲ. ವಾರಗಟ್ಟಲೆ ಸೊಲ್ಲಿಲ್ಲ. ಆಮೇಲೊಂದು ಬೆಳಿಗ್ಗೆ ಪ್ಲೇಯರಿನ ಹೊಸ ಆವೃತ್ತಿ ಬಂತು. ಅವಳ ತಿದ್ದುಪಡಿಯ ಕೆಳಗೆ "ಬೇರೆ ರೀತಿಯಲ್ಲಿ ಸರಿಪಡಿಸಲಾಗಿದೆ" ಎಂದು ಬರೆದು ಅದನ್ನು ಸೇರಿಸದೆಯೇ ಮುಚ್ಚಿಹಾಕಲಾಗಿತ್ತು. ಬೇರೆ ರೀತಿ ಯಾವುದು ಎಂದು ತೆರೆದು ನೋಡಿದಳು. ಅವೇ ನಾಲ್ಕು ಸಾಲು. ಕೋಡಿನೊಳಗೆ ಅವಳು ಇಟ್ಟ ಗುರುತಿನ ಹೆಸರುಗಳೂ ಹಾಗೇ. ಪಕ್ಕದಲ್ಲಿ ಅಣ್ಣನ ಹೆಸರು. ಕೆಳಗೆ ಎಲ್ಲೆಲ್ಲಿಯವರೋ ಬರೆದ ಭೇಷ್, ಶಹಭಾಷ್. ಯಾರೂ ದೂರು ಹೇಳಿಲ್ಲವಂತೆ, ಇಷ್ಟು ಜನ ಕಾಯುತ್ತಿದ್ದರು!

"ಅದು ನಾನು ಬರೆದಿದ್ದು ಅಣ್ಣ," ಎಂದಳು ಫೋನಿನಲ್ಲಿ.

"ಅಯ್ಯೋ, ನಾಲ್ಕು ಸಾಲಿಗೆ ಇಷ್ಟು ರಂಪಾನಾ? ಮನೆಯೊಳಗೆ ನಿಂದೇನು, ನಂದೇನು? ಅಮ್ಮಂಗೆ ಹಾಡು ಬೇಕಿತ್ತು, ಸಿಕ್ತಲ್ಲ."

"ಹಾಗಾದ್ರೆ ನನ್ನ ಹೆಸರೇ ಹಾಕಬಹುದಿತ್ತಲ್ಲ?"

ಫೋನ್ ಇಟ್ಟುಬಿಟ್ಟ.

ಹೊಸ ಆವೃತ್ತಿಯನ್ನು ಅಮ್ಮನ ಕಂಪ್ಯೂಟರಿಗೂ ಅವಳೇ ಹಾಕಿದಳು, ಇನ್ನು ಯಾರು ಹಾಕಬೇಕು? ಮಧ್ಯಾಹ್ನ ದಾಟಿತು, ಹಾಡು ನಿಲ್ಲಲಿಲ್ಲ. ಸಂಜೆಯ ಬಿಸಿಲು ಮಂಚದ ಮೇಲೆ ಬಂತು. ಅಮ್ಮ ಗೋಡೆಗೆ ಒರಗಿ ಕಾಲು ಚಾಚಿ, ಬೆರಳಲ್ಲಿ ತಾಳ ಹಾಕುತ್ತಿದ್ದಳು.

"ನೋಡಿದ್ಯಾ? ನಿಮ್ಮಣ್ಣ ಫೋನ್ ಮಾಡಿದ್ದ, ಸರಿ ಮಾಡಿದೀನಿ ಅಮ್ಮ ಅಂದ. ನೀನು ಸುಮ್ಮನೆ ಅವನ ಮೇಲೆ ರೇಗ್ತಿದ್ದೆ."

"ಅದನ್ನ ಹುಡುಕಿ ಸರಿ ಮಾಡಿದ್ದು ನಾನಮ್ಮ."

"ಹೌದೌದು, ನೀನೇ ತಾನೆ ಹೇಳಿ ಹೇಳಿ ಅವನ ಕೈಲಿ ಮಾಡಿಸಿದ್ದು! ನಿನ್ನ ಬಾಯಿಗೆ ಹೆದರಿ ಮಾಡಿದಾನೆ, ಪಾಪ."

ಹಾಡು ಬದಲಾಯಿತು.

"ಈಗ ಯಾವ ಚಿತ್ರ ಬಂತೆ?"

ಅವಳು ಮೇಜಿನ ಹತ್ತಿರ ಬಂದು ನೋಡಿದಳು. "ದೋಣಿ ಅಮ್ಮ. ನೀಲಿ ಸೀರೆಯವಳು ಕೂತಿದಾಳೆ."

"ಗೊತ್ತಾಯ್ತು ಬಿಡು!" ಅಮ್ಮನ ಮುಖ ಅರಳಿತು. "ನೀನು ಅಕ್ಷರ ಕಲಿತ ಹೊಸದರಲ್ಲಿ ಅದರ ಮೂಲೇಲಿ ಪೆನ್ನಿನಲ್ಲಿ ನಿನ್ನ ಹೆಸರು ಗೀಚಿದ್ದೆ. ಅವನು ರಂಪ ಮಾಡಿ ಅತ್ತಿದ್ದ. ಇದ್ಯಾ ಇನ್ನೂ?"

ಅವಳು ಬಗ್ಗಿ ನೋಡಿದಳು. ನಾಲ್ಕೂ ಮೂಲೆಗಳಲ್ಲಿ ಬರೀ ನೀರು, ಒಂದು ಗೀರೂ ಇಲ್ಲದ ತಿಳಿ ನೀರು.

"ಇದೆ ಅಮ್ಮ," ಎಂದಳು.