ಶಾಂತವ್ವನ ರೊಟ್ಟಿ

ಹೆಂಡತಿ ಪುಷ್ಪಾವತಿ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡ ಮೇಲೆಯೇ ಶಿವನಪ್ಪನಿಗೆ ತನ್ನ ಮನೆಯಲ್ಲಿ ದಿನಕ್ಕೆ ಎಷ್ಟು ರೊಟ್ಟಿ ಬೇಯುತ್ತಿದ್ದವು ಎಂಬುದು ತಿಳಿದದ್ದು. ಆರು ವಾರ ಪ್ಲಾಸ್ಟರು. ಅನ್ನ, ಸಾರು ಅವನೇ ಹೇಗೋ ಮಾಡಿದ. ಆದರೆ ಎಪ್ಪತ್ತೆಂಟು ವರ್ಷದ ತಾಯಿ ತಿಪ್ಪವ್ವ ಅನ್ನವನ್ನು ಊಟವೆಂದು ಒಪ್ಪುವವಳಲ್ಲ. “ರೊಟ್ಟಿ ಇಲ್ಲದ ಉಂಡ್ರ ಉಂಡಾಂಗ ಆಗಂಗಿಲ್ಲಪಾ” ಎಂದು ತಾಟು ದೂಡುತ್ತಿದ್ದಳು.

ಶಿವನಪ್ಪ ಬೀಜ ಮಾರುವ ಕಂಪನಿಯೊಂದರಲ್ಲಿದ್ದ. ಮನೆ ರೋಣದಲ್ಲಿ; ವಾರವಿಡೀ ಬೈಕಿನ ಮೇಲೆ ನರಗುಂದ, ಗಜೇಂದ್ರಗಡ, ನಡುವಿನ ಹಳ್ಳಿಗಳ ತಿರುಗಾಟ. ಹೋದಲ್ಲೆಲ್ಲ ಪಾರ್ಸಲ್ ಊಟ ಹುಡುಕತೊಡಗಿದ. ಒಂದು ಖಾನಾವಳಿಯ ರೊಟ್ಟಿ ಮನೆ ಮುಟ್ಟುವಷ್ಟರಲ್ಲಿ ಚಕ್ಕಳವಾಗುತ್ತಿತ್ತು. ಇನ್ನೊಂದರ ಪಲ್ಯದಲ್ಲಿ ಎಣ್ಣೆಯೇ ಎಣ್ಣೆ. ಮತ್ತೊಂದು ಕಡೆ ರೊಟ್ಟಿ ಮೆತ್ತಗಿದ್ದರೂ ಯಂತ್ರದಲ್ಲಿ ಒತ್ತಿದ್ದು. ತಿಪ್ಪವ್ವ ಒಂದು ಚೂರು ಮುರಿದು ಮೂಸಿ ನೋಡಿ, “ಇದಕ್ಕ ಕೈ ತಾಗಿಲ್ಲ” ಎಂದು ಬಿಟ್ಟಳು.

ಗಜೇಂದ್ರಗಡದ ಬೀಜದಂಗಡಿಯ ಮುತ್ತಣ್ಣ ಒಂದು ದಿನ ದಾರಿ ಹೇಳಿದ. “ಪ್ಯಾಟಿ ಹಿಂದಿನ ಓಣ್ಯಾಗ ಹೋಗ್ರಿ. ಬೋರ್ಡ್ ಇಲ್ಲ. ರೊಟ್ಟಿ ಬಡಿಯೂ ಸಪ್ಪಳಾ ಎಲ್ಲಿ ಕೇಳಿಸ್ತೈತಿ ಅಲ್ಲಿ ನಿಂದರ್ರಿ.”

ಸಪ್ಪಳ ಕೇಳಿಸಿದ್ದು ಒಂದು ನೀಲಿ ಬಾಗಿಲಿನ ಹಿಂದಿನಿಂದ. ಐವತ್ತರ ಆಚೆಯ ಮೈಮುನಬಿ ಒಲೆಯ ಮುಂದೆ ಕೂತು ಬಡಿಯುತ್ತಿದ್ದಳು. ಸೊಸೆ ಸಿಮ್ರಾನ ಕಟ್ಟಿಕೊಡುತ್ತಿದ್ದಳು. ಎಣಗಾಯಿ, ಪುಂಡಿಪಲ್ಯ, ಗುರೆಳ್ಳು ಚಟ್ನಿ. ಮಾಂಸದಡಿಗೆ ಮಾಡುತ್ತಿರಲಿಲ್ಲ. ಮನೆಯಲ್ಲಿ ವಯಸ್ಸಾದ ತಾಯಿ ಇದ್ದಾಳೆಂದು ಕೇಳಿದ ಮೈಮುನಬಿ, “ಹಲ್ಲ ಅದಾವೇನ್ರಿ ಅವ್ರಿಗೆ?” ಎಂದು ವಿಚಾರಿಸಿ, ಎರಡು ರೊಟ್ಟಿಗಳನ್ನು ಬೇರೆಯಾಗಿ ತೆಳ್ಳಗೆ ಬಡಿದು, ಒದ್ದೆ ಬಟ್ಟೆಯಲ್ಲಿ ಸುತ್ತಿಕೊಟ್ಟಳು.

ಆ ಸಂಜೆ ತಿಪ್ಪವ್ವ ಎರಡನ್ನೂ ಉಂಡಳು. ಕೈ ತೊಳೆಯುವ ಮೊದಲೇ ಕೇಳಿದಳು: “ಯಾರ ಕೈದಪಾ ಇದು?”

ಶಿವನಪ್ಪ ಬಾಯಿ ತೆರೆದ. ಅವ್ವ ಹದಿನೈದು ದಿನದ ಮೇಲೆ ಹೊಟ್ಟೆ ತುಂಬ ಉಂಡಿದ್ದಳು. “ಶಾಂತವ್ವ ಅಂತ ಅದಾಳ. ನಮ್ಮವ್ರ ಪೈಕಿ” ಎಂದುಬಿಟ್ಟ. ಜಾತಿಯನ್ನು ಅವ್ವ ಕೇಳಿಯೇ ಇರಲಿಲ್ಲ.

ಮುಂದೆ ವಾರಕ್ಕೆ ನಾಲ್ಕು ದಿನ ಆ ಬಾಗಿಲಿಗೆ ಹೋದ. ಮೈಮುನಬಿ ಅವನಿಗೆ ಒಳಗೆ ಸ್ಟೂಲು ಹಾಕಿಸಿ ಚಹಾ ಕೊಡುತ್ತಿದ್ದಳು. “ಇವತ್ತ ಅವ್ವಾರ ಏನಂದ್ರು?” ಎಂದು ದಿನವೂ ಕೇಳುತ್ತಿದ್ದಳು. ಮನೆಯಲ್ಲಿ ತಿಪ್ಪವ್ವ, “ಶಾಂತವ್ವನ ಕೈ ತಣ್ಣಗಿರ್ಲಿ” ಎಂದು ಹರಸುತ್ತಿದ್ದಳು. ಆ ಹರಕೆಯನ್ನು ಅವನು ಹೆಸರು ಕಳಚಿ ಗಜೇಂದ್ರಗಡಕ್ಕೆ ಒಯ್ಯುತ್ತಿದ್ದ. ಕೇಳಿ ಮೈಮುನಬಿ ಮುಖ ಅರಳಿಸಿದಾಗಲೆಲ್ಲ ಅವನು ಚಹಾದ ಕಪ್ಪಿನತ್ತ ಕಣ್ಣು ಇಳಿಸುತ್ತಿದ್ದ. ಇವತ್ತು ಮನೆಯಲ್ಲಿ ಹೇಳಿಬಿಡಬೇಕು ಎಂದುಕೊಳ್ಳುತ್ತಲೇ ಬೈಕು ಹತ್ತುತ್ತಿದ್ದ. ರೋಣ ಬರುವಷ್ಟರಲ್ಲಿ ನಾಳೆ ಹೇಳಿದರಾಯಿತು ಎನಿಸುತ್ತಿತ್ತು.

ಐದನೆಯ ವಾರದ ಒಂದು ಮಧ್ಯಾಹ್ನ, ಶಿವನಪ್ಪ ಊಟಕ್ಕೆ ಮನೆಗೆ ಬಂದಿದ್ದಾಗ, ಬಾಗಿಲಲ್ಲಿ ಸಿಮ್ರಾನ ನಿಂತಿದ್ದಳು. ಹಿಂದೆ, ತಲೆಯ ಮೇಲೆ ಸೆರಗು ಹೊದ್ದ ಮೈಮುನಬಿ. ರೋಣದ ದವಾಖಾನೆಗೆ ಬಂದವರು, ಅವ್ವನನ್ನು ನೋಡಿಕೊಂಡು ಹೋಗೋಣವೆಂದು ಮನೆ ಕೇಳಿಕೊಂಡು ಬಂದಿದ್ದರು. ಕೈಯಲ್ಲಿ ಅಗಸಿ ಚಟ್ನಿಯ ಡಬ್ಬಿ.

ಕಣ್ಣಿಗೆ ಪೊರೆ ಬಂದ ತಿಪ್ಪವ್ವ ಹೊರಸಿನಿಂದಲೇ ಕೇಳಿದಳು: “ಯಾರವಾ?”

“ಗಜೇಂದ್ರಗಡದಿಂದ ಬಂದೀವ್ರಿ ಅವ್ವಾರ. ರೊಟ್ಟಿ ಮಾಡಾಕಿ ನಾ.”

“ಅಯ್ಯ, ಶಾಂತವ್ವಾ! ಬಾರವಾ, ಇಲ್ಲೆ ನನ್ನ ಮಗ್ಗಲಕ್ಕ ಕುಂದ್ರ ಬಾ.”

ಮೈಮುನಬಿ ನಿಂತಲ್ಲೇ ನಿಂತಳು. ಶಿವನಪ್ಪನ ಕಡೆ ನೋಡಿದಳು. ಅವನು ನೋಟ ತಪ್ಪಿಸಿದ. ಸಿಮ್ರಾನ ಏನೋ ಹೇಳಲು ಹೋದಾಗ ಮೈಮುನಬಿ ಅವಳ ಮೊಳಕೈ ಹಿಡಿದಳು. ಆಮೇಲೆ ಹೋಗಿ ಹೊರಸಿನ ಅಂಚಿಗೆ ಕೂತು, “ಹೂಂರಿ ಅವ್ವಾರ” ಎಂದಳು.

ತಿಪ್ಪವ್ವ ಅವಳ ಅಂಗೈ ಹಿಡಿದು ತಡವಿದಳು. “ಎಷ್ಟ ಸುಟಗೊಂಡೀಯ ತಂಗಿ” ಎಂದಳು. ಅವರಿಬ್ಬರು ಎದ್ದು ಹೊರಟಾಗ, “ಪುಷ್ಪಾ, ಕುಂಕುಮ ಹಚ್ಚಿ ಕಳಸವಾ” ಎಂದು ಸೊಸೆಗೆ ಹೇಳಿದಳು. ಎಲ್ಲ ಅರ್ಥವಾಗಿದ್ದ ಪುಷ್ಪಾವತಿ ಎಡಗೈಯಲ್ಲಿ ಕುಂಕುಮದ ಬಟ್ಟಲು ಹಿಡಿದು ಸುಮ್ಮನೆ ನಿಂತುಬಿಟ್ಟಳು.

“ಬ್ಯಾಡ್ರಿ ಅವ್ವಾರ, ನಾ ಗಂಡ ಸತ್ತಾಕಿ” ಎಂದಳು ಮೈಮುನಬಿ. ಅದು ನಿಜವೇ ಆಗಿತ್ತು.

ಶಿವನಪ್ಪ ಚಪ್ಪಲಿ ಮೆಟ್ಟದೆ ಬೀದಿಗೆ ಓಡಿದ. “ಅಕ್ಕಾರ, ತಪ್ಪಾತ್ರಿ. ಅವ್ವ ಉಣ್ಣಂಗಿಲ್ಲೇನೋ ಅಂತ...”

“ನನ್ನ ಹೆಸರ ಹೇಳಿದ್ರ ರೊಟ್ಟಿ ಕಹಿ ಆಗ್ತಿತ್ತೇನ್ರಿ?” ಮೈಮುನಬಿ ದನಿ ಏರಿಸಲಿಲ್ಲ. “ಹ್ವಾದ ಮನ್ಯಾಗ ಮುದುಕಿ ಮನಸ ಮುರಿಬಾರ್ದಂತ ಸುಮ್ಮನಾದೆ. ನಿಮ್ಮ ಸಲುವಾಗಿ ಅಲ್ಲ.”

ಸಿಮ್ರಾನ ಅವನ ಕಡೆ ತಿರುಗಿಯೂ ನೋಡಲಿಲ್ಲ.

ಒಳಗೆ ಬಂದು ಅವನು ತಾಯಿಯ ಕಾಲ ಬಳಿ ಕೂತು ಎಲ್ಲವನ್ನೂ ಹೇಳಿದ. ತಿಪ್ಪವ್ವ ಮೈಮುನಬಿಯ ಕೈ ಹಿಡಿದಿದ್ದ ತನ್ನ ಕೈಯನ್ನು ತೊಡೆಯ ಮೇಲೆ ಹಾಗೆಯೇ ಇಟ್ಟುಕೊಂಡಿದ್ದಳು.

“ಮೊದಲ ದಿನಾ ಖರೇ ಹೇಳಿದ್ರ ನಾ ಬ್ಯಾಡ ಅಂತಿದ್ನೋ ಏನೋ. ನನಗೂ ಗೊತ್ತಿಲ್ಲ” ಎಂದಳು ಕೊನೆಗೆ. “ಬ್ಯಾಡ ಅಂದಿದ್ರ ಅದು ನನ್ನ ಪಾಪ ಆಗ್ತಿತ್ತು. ಈಗ ನನ್ನ ಬಾಯಿಲೇ ಆಕಿ ಹೆಸರ ಅಳಿಸಿದೆಲ್ಲೋ. ಮನಿಗೆ ಬಂದಾಕಿನ್ನ ಬ್ಯಾರೆದಾಕಿ ಮಾಡಿ ಕುಂದ್ರಿಸಿದೆಲ್ಲೋ.” ಅವಳು ಗೋಡೆಯ ಕಡೆ ಹೊರಳಿ ಮಲಗಿದಳು. ಸಂಜೆ ಏನೂ ಮುಟ್ಟಲಿಲ್ಲ. ಜಾತಿಗೋ, ನೋವಿಗೋ? ಕೇಳುವ ಧೈರ್ಯ ಶಿವನಪ್ಪನಿಗಾಗಲಿಲ್ಲ.

ಮರುದಿನ ಬೆಳಿಗ್ಗೆ ಅವಳೇ ಕರೆದಳು. “ಫೋನ್ ಹಚ್ಚಿ ಕೊಡು.” ಅವನು ನಂಬರು ಒತ್ತಿ ಕಿವಿಗಿಟ್ಟ. “ಮೈಮುನಬಿ ಏನವಾ? ನಾ ತಿಪ್ಪವ್ವ” ಎಂದಳು. ಹೆಸರನ್ನು ಬಿಡಿಬಿಡಿಯಾಗಿ, ಹೊಸದಾಗಿ ಕಲಿತವಳಂತೆ ಹೇಳಿದಳು. ನಂತರ ಅವನಿಗೆ ಹೊರಗೆ ಹೋಗಲು ಕೈ ಮಾಡಿದಳು. ಇಬ್ಬರು ಏನು ಮಾತಾಡಿದರೋ ಅವನಿಗೆ ತಿಳಿಯಲಿಲ್ಲ. ಒಳಗೆ ಬಂದಾಗ ಅವ್ವ ಇಷ್ಟೇ ಅಂದಳು: “ಹೋಗಿ ಎರಡ ರೊಟ್ಟಿ ತಗೊಂಬಾ.”

ಪುಷ್ಪಾವತಿಯ ಪ್ಲಾಸ್ಟರು ಬಿಚ್ಚಿದ ಮೇಲೂ ಅವನು ಗಜೇಂದ್ರಗಡಕ್ಕೆ ಹೋದಾಗಲೆಲ್ಲ ಆ ಬಾಗಿಲಿಗೆ ಹೋಗುತ್ತಾನೆ. ಯಾರು ಊಟದ ಜಾಗ ಕೇಳಿದರೂ ಮೈಮುನಬಿಯ ಹೆಸರು ಹೇಳಿಯೇ ಕಳಿಸುತ್ತಾನೆ. ಮೈಮುನಬಿ ಅವ್ವನ ಆರೋಗ್ಯ ವಿಚಾರಿಸುತ್ತಾಳೆ. ಸ್ಟೂಲು ಮಾತ್ರ ಹಾಕಿಸುವುದಿಲ್ಲ. ಒಮ್ಮೆ ಅವನು ತಡೆಯಲಾರದೆ ಕೇಳಿದ: “ನನ್ನ ಮ್ಯಾಲೆ ಸಿಟ್ಟ ಇನ್ನೂ ಐತೇನ್ರಿ ಅಕ್ಕಾರ?”

“ಸಿಟ್ಟಿಲ್ರಿ” ಎಂದಳು ಮೈಮುನಬಿ, ಹಿಟ್ಟು ನಾದುತ್ತ. “ಮೊದಲಿನಂಗ ಮಾತಾಡಾಕ ಬಾಯಿ ಬರವಲ್ದು.”

ಅವನು ಹೊಸ್ತಿಲ ಹೊರಗೆ ಬಿಸಿಲಲ್ಲಿ ನಿಂತು ಪಾರ್ಸಲಿಗೆ ಕಾದ.